ಏಣಿ ಹಿಡಿಯುವವನು

ಹದಿನಾಲ್ಕು ದಿನದ ಗೆರೆಗಳನ್ನು ಪರದೆಯ ಮೇಲೆ ನೋಡಿದ ಫಿಸಿಯೋಥೆರಪಿಸ್ಟ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ರೋಗಿ ದಿನಾ ಮನೆಯಲ್ಲಿ ಸೊಂಟಕ್ಕೆ ಫೋನು ಕಟ್ಟಿಕೊಂಡು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು, ಕಣ್ಣು ಮುಚ್ಚಿ ಮೂವತ್ತು ಸೆಕೆಂಡು ನಿಲ್ಲಬೇಕು. ಮೈ ಎಷ್ಟು ಓಲಾಡಿತು ಎನ್ನುವುದನ್ನು ಫೋನೇ ಅಳೆದು, ಗೆರೆಯಾಗಿ ಆಸ್ಪತ್ರೆಗೆ ಕಳಿಸುತ್ತದೆ. ಎದುರು ಕುಳಿತಿದ್ದ ಪೇಂಟರ್ ಸಮತೋಲ ಕೆಡಿಸುವ ಒಳಗಿವಿಯ ಕಾಯಿಲೆಯಿಂದ ಮಲಗಿದ್ದು, ಹಾಸಿಗೆಯಿಂದ ಎದ್ದು ತಿಂಗಳಾಗಿತ್ತಷ್ಟೆ. ಆದರೂ ಮನೆಯಲ್ಲಿ ಕಂಬದ ಹಾಗೆ ನಿಂತಿದ್ದ. ಹಿಂದಿನ ವಾರ ಅವಳೂ ಕುತೂಹಲಕ್ಕೆಂದು ಫೋನು ಕಟ್ಟಿಕೊಂಡು ನೋಡಿದ್ದಳು. ಅವಳಿಗಿಂತ ಇವನೇ ಗಟ್ಟಿ.

"ಎಲ್ಲ ಸರಿಯಾಗಿದೆ ಅಲ್ವಾ ಮೇಡಂ? ಏಣಿ ಹತ್ತಬಹುದು ಅಂತ ಎರಡು ಸಾಲು ಬರ್ಕೊಡಿ. ಸೋಮವಾರ ಲೈಬ್ರರಿ ಗೋಡೆ ಶುರು ಮಾಡ್ಬೇಕು. ಚೀಟಿ ಇಲ್ದಿದ್ರೆ ಕಂಟ್ರಾಕ್ಟರು ಬೇರೆಯವರಿಗೆ ಕೊಡ್ತಾರಂತೆ."

ಬರೆಯಲು ಪೆನ್ನು ತೆಗೆದವಳು ಮತ್ತೊಮ್ಮೆ ಪರದೆ ನೋಡಿದಳು. ಗೆರೆ ಮುಂದಕ್ಕೆ ವಾಲಿದಾಗೆಲ್ಲ ಒಂದೇ ಜಾಗಕ್ಕೆ ಬಂದು ತಟ್ಟನೆ ನಿಲ್ಲುತ್ತಿತ್ತು. ಹದಿನಾಲ್ಕು ದಿನವೂ ಅದೇ ಜಾಗ. ಮನುಷ್ಯರ ಮೈ ಹಾಗೆ ನಿಲ್ಲುವುದಿಲ್ಲ.

"ಇಲ್ಲೂ ಒಂದು ಸಲ ನಿಂತುಬಿಡಿ," ಎಂದಳು. "ಮನೇಲಿ ಪಕ್ಕದಲ್ಲಿ ಯಾರಿರ್ತಿದ್ರು?"

"ನಮ್ಮಣ್ಣ. ಬೀಳದ ಹಾಗೆ ಯಾರಾದ್ರೂ ಹತ್ತಿರ ಇರ್ಬೇಕು ಅಂತ ನೀವೇ ಕಾಗದದಲ್ಲಿ ಬರೆದಿದ್ರಲ್ಲ."

ಬಾಗಿಲ ಬಳಿ ನಿಂತಿದ್ದ ಅಣ್ಣನೂ ಅದೇ ಕೆಲಸದವನು. ಇಪ್ಪತ್ತೆರಡು ವರ್ಷದಿಂದ ಏಣಿ ಹತ್ತುವವನು ತಮ್ಮ, ಕೆಳಗೆ ನಿಂತು ಅದನ್ನು ಹಿಡಿಯುವವನು ಅಣ್ಣ. ಕರೆಯುವ ಮೊದಲೇ ಅವನು ಬಂದು ತಮ್ಮನ ಹಿಂದೆ ನಿಂತ. ಸೊಂಟಕ್ಕೆ ಫೋನು ಕಟ್ಟಿಕೊಂಡ ತಮ್ಮ ಪಾದದ ಮುಂದೆ ಪಾದ ಇಟ್ಟು ಕಣ್ಣು ಮುಚ್ಚಿದ. ಫೋನು ಒಮ್ಮೆ ಕುಯ್ ಎಂದು ಅಳೆಯತೊಡಗಿತು. ಅಣ್ಣನ ಎಡಪಾದ ತಾನಾಗಿ ಸರಿದು ತಮ್ಮನ ಹಿಮ್ಮಡಿಗೆ ಒತ್ತಿ ನಿಂತಿತು. ಬಲಗೈಯ ಎರಡು ಬೆರಳು ತಮ್ಮನ ಅಂಗಿಯ ಬೆನ್ನನ್ನು ಹಿಡಿದವು. ಗೆರೆ ನೆಟ್ಟಗೆ ಹೋಯಿತು.

"ಅಣ್ಣಾವ್ರೇ, ಎರಡು ಹೆಜ್ಜೆ ಹಿಂದೆ ಬನ್ನಿ," ಎಂದು ಅವಳು ಮೆಲ್ಲಗೆ ಹೇಳಿದಳು. "ಕೈ ಎರಡೂ ಜೇಬಿನಲ್ಲಿರಲಿ."

ಅವನು ತನ್ನ ಬೆರಳುಗಳನ್ನು ಬೇರೆ ಯಾರದೋ ಎನ್ನುವ ಹಾಗೆ ನೋಡಿದ. ಮತ್ತೆ ಫೋನು ಕುಯ್ ಎಂದಿತು. ಆರನೆಯ ಸೆಕೆಂಡಿಗೆ ತಮ್ಮ ಪಕ್ಕಕ್ಕೆ ವಾಲಿದ. ಒಂಬತ್ತಕ್ಕೆ ಅವಳು ಅವನ ತೋಳು ಹಿಡಿಯಬೇಕಾಯಿತು. ಅಷ್ಟರಲ್ಲಿ ಅಣ್ಣನ ಕೈಗಳು ಜೇಬಿನಿಂದ ಹೊರಗೆ ಬಂದುಬಿಟ್ಟಿದ್ದವು.

"ನೀನು ಹಿಡ್ಕೊಳ್ತಿದ್ದೆಯಾ? ಇಷ್ಟು ದಿನವೂ?" ತಮ್ಮನ ಮುಖ ಕೆಂಪಾಯಿತು.

"ನಾನೆಲ್ಲಿ ಹಿಡ್ಕೊಂಡೆ? ಕೈ ಅಲ್ಲಿತ್ತು, ಅಷ್ಟೆ."

"ನಾನೇನು ಏಣಿಯೇನೋ?"

ಅವಳಿಗೆ ನಗು ಬಂತು, ನಗಲಿಲ್ಲ. "ಅವರ ತಪ್ಪಲ್ಲ. ಯಾರೂ ಮುಟ್ಟಬಾರದು ಅಂತ ನಾನು ಬರೆಯಬೇಕಿತ್ತು," ಎಂದಳು. "ಎರಡು ಬೆರಳು ತಾಗಿದ್ರೂ ಮೈಗೆ ಆಸರೆ ಸಿಕ್ಕಿಬಿಡುತ್ತೆ. ಇನ್ನೂ ಮೂರು ವಾರ ಅಭ್ಯಾಸ ಮಾಡಿ. ಅಲ್ಲಿವರೆಗೂ ಏಣಿ ಬೇಡ. ನೆಲದ ಮೇಲೆ ನಿಂತು ಮಾಡೋ ಕೆಲಸ ಏನು ಬೇಕಾದ್ರೂ ಮಾಡಿ." ಹಾಗೆಂದೇ ಚೀಟಿಯಲ್ಲಿ ಬರೆದಳು.

ಚೀಟಿಯನ್ನು ತಮ್ಮ ನಾಲ್ಕಾಗಿ ಮಡಿಸಿದ. "ಹೋಯ್ತು ಬಿಡು ಗೋಡೆ."

"ಯಾಕೆ ಹೋಗುತ್ತೆ? ನಾನು ಹತ್ತುತ್ತೀನಿ," ಎಂದ ಅಣ್ಣ.

"ನೀನಾ?" ತಮ್ಮ ಕೋಪ ಮರೆತು ನಕ್ಕೇಬಿಟ್ಟ. "ಮೇಡಂ, ಬಲ್ಬು ಹಾಕೋಕೆ ಸ್ಟೂಲ್ ಹತ್ತಿದ್ರೂ ಇವನಿಗೆ ಕೈಕಾಲು ನಡುಗುತ್ತೆ. ಇಪ್ಪತ್ತೆರಡು ವರ್ಷದಲ್ಲಿ ಇವನು ನೋಡಿರೋದು ನನ್ನ ಹಿಮ್ಮಡಿ ಒಂದೇ."

"ಬಿರುಕು ಬಿಟ್ಟಿದೆ, ಏನಾದ್ರೂ ಹಚ್ಕೊಳ್ಳೋ ಅಂತ ಎಷ್ಟು ಸಲ ಹೇಳಿದ್ದೀನಿ, ಕೇಳಿದ್ದೀಯಾ?" ಎನ್ನುತ್ತಾ ಅಣ್ಣ ಬಗ್ಗಿ ತಮ್ಮನ ಚಪ್ಪಲಿಗಳನ್ನು ಅವನ ಕಾಲಿನ ಹತ್ತಿರಕ್ಕೆ ತಿರುಗಿಸಿ ಇಟ್ಟ.

ಸೋಮವಾರ ಬೆಳಿಗ್ಗೆ ಫಿಸಿಯೋಥೆರಪಿಸ್ಟ್ ಆಸ್ಪತ್ರೆಗೆ ಒಂದು ನಿಲ್ದಾಣ ಮುಂಚೆಯೇ, ಲೈಬ್ರರಿಯ ಹತ್ತಿರ ಬಸ್ಸಿನಿಂದ ಇಳಿದಳು. ಲೈಬ್ರರಿಯ ಗೋಡೆಗೆ ಏಣಿ ಒರಗಿತ್ತು. ಅದರ ಬುಡದಲ್ಲಿ ತಮ್ಮ ಒಂದು ಕುರ್ಚಿ ಹಾಕಿಕೊಂಡು ಕುಳಿತಿದ್ದ. ಎರಡು ಪಾದಗಳನ್ನೂ ಏಣಿಯ ಕಾಲುಗಳಿಗೆ ಒತ್ತಿ, ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿದು, ತಲೆ ಎತ್ತಿ ಕೂಗುತ್ತಿದ್ದ: "ಎಡಕ್ಕೆ ಬಾ. ಇನ್ನೂ ಸ್ವಲ್ಪ ಎಡಕ್ಕೆ. ಹಾಂ, ಈಗ ಮೇಲಕ್ಕೆ ಎಳಿ."

ಅವಳು ಇನ್ನಷ್ಟು ಹತ್ತಿರ ಹೋಗಿ ನೋಡಿದಳು. ಏಣಿಯ ಆರನೆಯ ಮೆಟ್ಟಿಲ ಮೇಲೆ ಅಣ್ಣ ಒಂದು ತೋಳಿನಿಂದ ಏಣಿಯನ್ನು ತಬ್ಬಿಕೊಂಡು ಹೇಳಿದ ಕಡೆಗೆಲ್ಲ ಬ್ರಷ್ ಎಳೆಯುತ್ತಿದ್ದ. ಬಣ್ಣ ಎಲ್ಲೂ ತಪ್ಪಿರಲಿಲ್ಲ. ಅವನ ಕಣ್ಣುಗಳು ಬಿಗಿಯಾಗಿ ಮುಚ್ಚಿದ್ದವು.