ಅವ್ವನ ಗುಂಡಿ

"ತಗೋ ಗುದ್ದಲಿ. ನಿನ್ನವ್ವನ ಗುಂಡಿ ನೀನೇ ತೋಡ್ಕೋ," ಅಂದ ಚಿಕೋಪ. ಊರಲ್ಲಿ ಹೆಣಕ್ಕೆ ಗುಂಡಿ ತೋಡುವವರಿಗೆಲ್ಲ ಅವನೇ ಹಿರಿಯ. ಉಳಿದವರು ಮಾವಿನ ಮರದ ಕೆಳಗೆ ಕಾಲು ಚಾಚಿ ಕೂತಿದ್ದರು, ಒಬ್ಬನೂ ಏಳಲಿಲ್ಲ.

ಲಿಂಬಾನಿ ಗುದ್ದಲಿ ತೆಗೆದುಕೊಂಡ. ಮಲಾವಿ ಸರೋವರದ ಆ ದಡಕ್ಕೆಲ್ಲ ಸಿಸೇರಿಯನ್ ಮಾಡುವವನು ಅವನೊಬ್ಬನೇ. ಡಾಕ್ಟರಿಕೆ ಓದಿದವನಲ್ಲ, ಆರೋಗ್ಯ ಸಹಾಯಕನಾಗಿದ್ದು, ತರಬೇತಿ ಪಡೆದು ಬ್ಲೇಡು ಹಿಡಿದವನು. ತಾನು ಕದಲಿದರೆ ಯಾವ ಬಸುರಿಯ ಜೀವ ಹೋಗುತ್ತದೋ ಎಂದು ಆಸ್ಪತ್ರೆಗೇ ಅಂಟಿಕೊಂಡು, ಊರಿನ ಒಂದು ಹೆಣದ ಮಣ್ಣಿಗೂ ಬಂದಿರಲಿಲ್ಲ. ಪರರ ಮಣ್ಣಿಗೆ ಬಾರದವನ ಮನೆಯ ಹೆಣಕ್ಕೆ ಯಾರೂ ಗುದ್ದಲಿ ಎತ್ತುವುದಿಲ್ಲ, ಅದು ಊರ ಕಟ್ಟಳೆ.

"ನಿಮ್ಮ ತಮ್ಮ ತೀರಿಕೊಂಡ ದಿನ ನಿಮ್ಮ ಸೊಸೆಗೇ ಆಪರೇಷನ್ ಮಾಡ್ತಿದ್ದೆ, ದೊಡ್ಡಪ್ಪಾ. ಮೊಮ್ಮಗ ಉಳಿದ್ನಲ್ಲ?"

"ಹುಟ್ಟೋನಿಗೆ ಆದೆ, ಸತ್ತೋನಿಗೆ ಆಗ್ಲಿಲ್ಲ. ತೋಡು, ತೋಡು."

ತೋಡಿದ. ಅಷ್ಟು ಜನರ ಕಣ್ಣೆದುರು ಅಷ್ಟು ಒಂಟಿಯಾಗಿ ಅವನು ಎಂದೂ ನಿಂತಿರಲಿಲ್ಲ. ಸೊಂಟದಾಳಕ್ಕೆ ಇಳಿಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ತಮಂದಾನಿ. ಬಹಳ ದಿನದಿಂದ ಅವನ ಕೈಕೆಳಗೆ ಪಳಗುತ್ತಿದ್ದವಳು. ಆದರೂ ತಾನು ಪಕ್ಕದಲ್ಲಿಲ್ಲದೆ ಅವಳ ಕೈಗೆ ಅವನು ಒಮ್ಮೆಯೂ ಬ್ಲೇಡು ಬಿಟ್ಟವನಲ್ಲ.

"ಅಣ್ಣಾ, ಮಗು ಅಡ್ಡ ಆಗಿದೆ, ಎದೆಬಡಿತ ಇಳೀತಿದೆ. ಬೈಕ್ ಕಳಿಸ್ಲಾ?"

ಲಿಂಬಾನಿ ಕಾಲ ಕೆಳಗಿನ ಮಣ್ಣು ನೋಡಿದ. ಅರ್ಧಕ್ಕೆ ಬಿಟ್ಟು ಹೋದರೆ ಮುಗಿಸುವವರಿಲ್ಲ. "ಬೇಡ. ನೀನೇ ಮಾಡು."

"ಅಯ್ಯೋ, ನಾನೊಬ್ಳೇನಾ?"

"ನನ್ನ ಜೊತೆ ನಿಂತು ಮಾಡಿದ್ದನ್ನೇ ಮಾಡು. ಹೋಗು, ಕೈ ತೊಳ್ಕೋ."

ಆಮೇಲೆ ಹುಚ್ಚು ಹಿಡಿದವನಂತೆ ತೋಡಿದ. ಗುದ್ದಲಿ ಎತ್ತಿದಾಗಲೆಲ್ಲ ಫೋನು ನೋಡಿದ. ಅವ್ವನಿಗಾಗಿ ಅಳುವುದಕ್ಕೂ ಪುರುಸೊತ್ತಾಗಲಿಲ್ಲ.

"ಹೆಣ್ಣು ಮಗು ಅಣ್ಣಾ! ತಾಯೀನೂ ಹುಷಾರು!" ಫೋನಿನಲ್ಲಿ ತಮಂದಾನಿ ಕೂಗಿದಳು. ಹಿಂದೆಯೇ ಕೂಸು ಕಿರುಚಿದ್ದು ಮರದ ಕೆಳಗಿದ್ದವರಿಗೂ ಕೇಳಿಸಿತು. ಲಿಂಬಾನಿ ಎದೆಮಟ್ಟದ ಗುಂಡಿಯಲ್ಲಿ ನಿಂತು ಒಬ್ಬನೇ ನಕ್ಕ.

ಚಿಕೋಪ ಎದ್ದು ಬಂದು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. "ಯಾರಪ್ಪಾ ಆಪರೇಷನ್ ಮಾಡಿದ್ದು?"

"ನಾನು ಕಲಿಸಿದ ಹುಡುಗಿ."

"ಚೆನ್ನಾಗೇ ಕಲಿಸಿದ್ದೀಯ. ಬಾ ಮೇಲೆ, ಉಳಿದದ್ದು ನಮ್ಮ ಹುಡುಗರು ತೋಡ್ತಾರೆ. ಒಂದು ಮಣ್ಣಿಗಾದ್ರೂ ನಿಂತೆಯಲ್ಲ." ಮುದುಕ ಕೈ ನೀಡಿ ಅವನನ್ನು ಮೇಲಕ್ಕೆಳೆದುಕೊಂಡ. ಹಿಡಿದ ಕೈ ಬಿಡದೆ ಮೆಲ್ಲಗೆ ಕೇಳಿದ:

"ಹೋದ ವಾರ ನಿನ್ನವ್ವ ನಿನ್ನ ಮುಖ ನೋಡಬೇಕು ಅಂತ ಹೇಳಿ ಕಳಿಸಿದಾಗ, ಆ ಹುಡುಗಿ ಅಲ್ಲಿರಲಿಲ್ವಾ?"