ಯಾರ ಕಾಲಿಗೆ ಲಕ್ಕಿಸೊಪ್ಪು?

ಹೆಂಡತಿಯ ಕೈಯಲ್ಲಿ ಲಕ್ಕಿಸೊಪ್ಪಿನ ವಾಸನೆ ಬಂದದ್ದೇ ತಡ, ಶುಕೂರ್ ಊಟ ಅರ್ಧಕ್ಕೆ ಬಿಟ್ಟು ಎದ್ದ.

ಬೇರೆ ಗಂಡಸರು ಅತ್ತರಿನ ವಾಸನೆಗೆ ಹೆದರುತ್ತಾರೆ. ಶುಕೂರನದ್ದು ಜಟಕಾ ಸಂಸಾರ. ಅಲ್ಲಿ ಸೊಪ್ಪಿನ ವಾಸನೆಗೂ ಅರ್ಥ ಇರುತ್ತದೆ. ಓಮ, ಇಂಗು ಎಂದರೆ ಕುದುರೆಗೆ ಹೊಟ್ಟೆನೋವು. ಬೇವಿನೆಣ್ಣೆ ಎಂದರೆ ಗಾಯ. ಲಕ್ಕಿಸೊಪ್ಪು ಬೇಯಿಸಿದರೆ ಕಾಲು ಬಾವು. ಪುತ್ತೂರಿನ ದರ್ಬೆಯಲ್ಲಿ ಕುದುರೆ ಮದ್ದು ಎಂದರೆ ಕದೀಜಮ್ಮ. ಅಜ್ಜಿಯಿಂದ ಬಂದ ವಿದ್ಯೆ. ಗಂಡನಿಗೆ ಶೀತವಾದರೂ ಕುದುರೆ ಕುಡಿದು ಬಿಟ್ಟ ಕಷಾಯವೇ ಗತಿ.

ಆದರೆ ಲಾಯದಲ್ಲಿದ್ದ ಸುಲ್ತಾನನ ನಾಲ್ಕು ಕಾಲೂ ಕಂಬದ ಹಾಗಿದ್ದವು. ಹಾಗಾದರೆ ಬಾವು ಯಾರ ಕಾಲಿಗೆ?

"ಎಂತ, ಊಟ ಸೇರುದಿಲ್ವಾ?" ಕದೀಜಮ್ಮ ಕೇಳಿದಳು.

"ಲಕ್ಕಿಸೊಪ್ಪು ಯಾಕೆ ಬೇಯಿಸಿದ್ದು?"

"ಬೇಲಿಯಲ್ಲಿ ಬೇಕಾದಷ್ಟು ಉಂಟು. ಬೇಯಿಸಿದೆ."

ಇದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮೊದಲು ಅವಳು ಹೀಗಿರಲಿಲ್ಲ. ಗುಲಾಬಿ ಇದ್ದಾಗ ಮನೆಯಲ್ಲಿ ಮಾತಿತ್ತು, ನಗು ಇತ್ತು. ಗುಲಾಬಿ ಎಂದರೆ ಕದೀಜಮ್ಮ ಮರಿಯಿಂದ ಸಾಕಿ, ಮದುವೆಯಾಗಿ ಬರುವಾಗ ಜೊತೆಗೆ ತಂದ ಹೆಣ್ಣು ಕುದುರೆ. ವಯಸ್ಸಾಗಿ ಅದರ ಮುಂಗಾಲು ಸೋತಾಗ ಶುಕೂರ್ ಒಂದು ದಿನ ಕರೆದುಕೊಂಡು ಹೋದ. "ಸಂಪಾಜೆಯಲ್ಲಿ ಬೋಜಪ್ಪ ಗೌಡರ ಹುಲ್ಲುಗಾವಲಿಗೆ ಬಿಟ್ಟಿದ್ದೇನೆ. ಇನ್ನು ಗಾಡಿ ಇಲ್ಲ, ಚಾಟಿ ಇಲ್ಲ. ಕುದುರೆಗೂ ಪಿಂಚಣಿ!" ಎಂದು ಊರಿಗೆಲ್ಲ ಹೇಳಿದ. ಅದೇ ವಾರ ಲಾಯಕ್ಕೆ ಸುಲ್ತಾನ ಬಂದ. ಪುತ್ತೂರು ಮದರಾಸಿನ ಕೈ ಬಿಟ್ಟು ಮೈಸೂರಿನ ಕೈ ಹಿಡಿದ ವರ್ಷ ಅದು. ಊರೂರೇ ಯಜಮಾನರನ್ನು ಬದಲಿಸುತ್ತಿದ್ದಾಗ ಒಂದು ಕುದುರೆ ಜಾಗ ಬದಲಿಸಿದ್ದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಕದೀಜಮ್ಮ ಮಾತ್ರ "ಒಮ್ಮೆ ಸಂಪಾಜೆಗೆ ಹೋಗುವ" ಎನ್ನುತ್ತಿದ್ದಳು. "ಮಳೆ ಮುಗೀಲಿ" ಎನ್ನುತ್ತಿದ್ದ ಶುಕೂರ್. ಈಚೆಗೆ ಅವಳು ಕೇಳುವುದನ್ನೇ ಬಿಟ್ಟಿದ್ದಳು. ಮನಸ್ಸು ಬೇರೆ ಕಡೆ ಹರಿದರೆ ಕುದುರೆ ಯಾರಿಗೆ ನೆನಪಾಗುತ್ತದೆ?

ಈ ಸಂಶಯಕ್ಕೆ ಲಾಳ ಹೊಡೆದು ಓಡಿಸಿದವನು ಬಸ್‌ಸ್ಟ್ಯಾಂಡಿನ ಚಾ ಅಂಗಡಿಯ ಕಬೀರ್.

"ನಿನ್ನ ಮನೆಯವಳು ದಿನಾ ಮಧ್ಯಾಹ್ನ ಕಲ್ಲಿನ ಕೋರೆ ಕಡೆ ಹೋಗುದು ಕಾಣ್ತದಲ್ಲ ಮಾರಾಯ. ಕೈಯಲ್ಲಿ ಮುಚ್ಚಳದ ಪಾತ್ರೆ. ಹಕೀಮನಿಗೆ ಊಟವಾ?"

"ಮದ್ದಾಗಿರ್ಬಹುದು."

"ಅವನಿಗೆ ಎಂತ ಕಾಯಿಲೆ? ಎತ್ತಿನ ಹಾಗಿದ್ದಾನೆ. ಹೆಂಡತಿ ಇಲ್ಲ ಎನ್ನುದೊಂದೇ ಅವನ ಕಾಯಿಲೆ!"

ಹಕೀಮ ಎಂದರೆ ವೈದ್ಯ. ಈ ಹಕೀಮನಿಗೆ ಗೊತ್ತಿದ್ದ ಒಂದೇ ಮದ್ದು ಸಿಡಿಮದ್ದು. ಕೋರೆಯಲ್ಲಿ ಕಲ್ಲು ಒಡೆಸಿ ರಸ್ತೆ ಕೆಲಸಕ್ಕೆ ಸಾಗಿಸುವವನು. ಅವನಿಗೆ ಮದ್ದು ಹೊತ್ತುಕೊಂಡು ಹೋಗುವ ಅಗತ್ಯ ಕದೀಜಮ್ಮನಿಗೆ ಏನಿತ್ತು?

ಮರುದಿನ ಬೆಳಗ್ಗೆ ಶುಕೂರ್ ಒಗೆದ ಅಂಗಿ ಹಾಕಿಕೊಂಡ.

"ಸಂಪಾಜೆಗೆ ಹೋಗ್ತೇನೆ. ಗುಲಾಬಿಯನ್ನು ನೋಡಿ ನಾಳೆ ಬರ್ತೇನೆ."

ಕದೀಜಮ್ಮ ಅವನ ಚೀಲ ತಂದುಕೊಟ್ಟಳು.

"ಕಾಲು ಹೇಗುಂಟು ಅಂತ ಸರಿಯಾಗಿ ನೋಡಿ ಬನ್ನಿ."

"ನೋಡದೆ ಇರ್ತೇನಾ?"

"ಕುತ್ತಿಗೆ ತುರಿಸಿದರೆ ಅದಕ್ಕೆ ಇಷ್ಟ. ಮರೀಬೇಡಿ."

ನಾನೂ ಬರುತ್ತೇನೆ ಎಂದು ಒಂದು ಮಾತಿಲ್ಲ! ಎಷ್ಟು ಸಲೀಸಾಗಿ ಸಾಗಹಾಕುತ್ತಾಳೆ! ಶುಕೂರನ ಹೊಟ್ಟೆ ಉರಿಯಿತು. ಅದಕ್ಕೆ ಅವಳ ಹತ್ತಿರ ಓಮವೂ ಇರಲಿಲ್ಲ, ಇಂಗೂ ಇರಲಿಲ್ಲ.

ಸುಳ್ಯದ ಬಸ್ಸು ಹತ್ತಿದವನು ಮುಂದಿನ ತಿರುವಿನಲ್ಲೇ ಇಳಿದ. ಗದ್ದೆ ಹುಣಿಯ ಮೇಲೆ ನಡೆದು ಸುತ್ತು ಹಾಕಿ ಬಂದು ಕೋರೆಯ ಪಕ್ಕದ ಗೇರು ಮರದ ಹಿಂದೆ ಕುಳಿತ. ಕೆಂಪಿರುವೆ ಕಚ್ಚಿದವು. ಕಚ್ಚಲಿ. ಮನಸ್ಸಿನೊಳಗೆ ತೀರ್ಪು ಆಗಿಹೋಗಿತ್ತು: ಸಿಕ್ಕಿಬಿದ್ದರೆ ಇವತ್ತೇ ತವರಿಗೆ. ಇಷ್ಟು ವರ್ಷ ಜೊತೆಯಲ್ಲಿ ದುಡಿದ ಜೀವಕ್ಕೆ ಹೀಗೆ ದ್ರೋಹ ಮಾಡಲು ಮನಸ್ಸಾದರೂ ಹೇಗೆ ಬರುತ್ತದೆ? ಯೋಚಿಸುತ್ತಾ ಯೋಚಿಸುತ್ತಾ ಅವನಿಗೆ ಅಳುವೇ ಬಂತು.

ಮಧ್ಯಾಹ್ನ ಕದೀಜಮ್ಮ ಬಂದಳು. ಹಕೀಮ್ ಮನೆಯ ಮುಂದೆ ಕಾಯುತ್ತಿದ್ದ. ಅವಳ ಕೈಯಿಂದ ಪಾತ್ರೆ ತೆಗೆದುಕೊಂಡ. ಇಬ್ಬರೂ ಹಿಂದಿನ ಸೋಗೆಯ ಕೊಟ್ಟಿಗೆಗೆ ಹೋದರು. ಬಾಗಿಲಿನ ಬಿದಿರು ತಟ್ಟಿ ಮುಚ್ಚಿತು.

ಶುಕೂರ್ ಬಗ್ಗಿ ಬಗ್ಗಿ ಹತ್ತಿರ ಬಂದು ಕಿವಿಗೊಟ್ಟ. ಒಳಗೆ ಕದೀಜಮ್ಮನ ಸ್ವರ. ಇಷ್ಟು ಮೆತ್ತಗಿನ ಸ್ವರ ಅವನು ಕೇಳದೆ ಕಾಲವಾಗಿತ್ತು.

"ನೋಯ್ತದಾ ಚಿನ್ನ? ಸ್ವಲ್ಪ ತಡ್ಕೋ. ಬಿಸಿ ಉಂಟು."

ಚಿನ್ನ! ಕಟ್ಟಿಕೊಂಡ ಗಂಡನನ್ನು ಅವಳು ಒಂದು ದಿನ ಹಿತ್ತಾಳೆ ಎಂದೂ ಕರೆದಿರಲಿಲ್ಲ.

ಶುಕೂರ್ ತಟ್ಟಿಯನ್ನು ಒದ್ದು ಒಳಗೆ ನುಗ್ಗಿದ. "ಕದೀಜಾ! ನಂಬಿದವರಿಗೆ ಮಾಡುದು ಇದನ್ನಾ?"

ಹಕೀಮ್ ಮೂಲೆಯಲ್ಲಿ ಕುಳಿತು ಹಳೆ ಪಂಚೆ ಹರಿದು ಪಟ್ಟಿ ಮಾಡುತ್ತಿದ್ದ. ಕೊಟ್ಟಿಗೆಯ ನಡುವೆ ಎಲುಬು ಎದ್ದ ಒಂದು ಕುದುರೆ. ಎದೆಯಲ್ಲಿ ಗಾಡಿಯ ಪಟ್ಟಿ ಉಜ್ಜಿದ ಹಸಿ ಗಾಯ. ಕದೀಜಮ್ಮ ನೆಲದಲ್ಲಿ ಕುಳಿತು ಅದರ ಬಾತ ಮುಂಗಾಲಿಗೆ ಲಕ್ಕಿಸೊಪ್ಪಿನ ಶಾಖ ಕೊಡುತ್ತಿದ್ದಳು.

"ನನ್ನ ಮೇಲೆ ಯಾಕೆ ಸಿಟ್ಟು ಮಾರಾಯ?" ಹಕೀಮ್ ಗಾಬರಿಯಲ್ಲಿ ಎದ್ದ. "ಕಡಬದ ದಳ್ಳಾಳಿ ನನ್ನ ತಲೆಗೆ ಕಟ್ಟಿದ್ದು. ಕಲ್ಲು ಎಳೀತದೆ ಅಂದ. ಕಾಲು ಸೋತದ್ದು ಅಂತ ಹೇಳ್ಲೇ ಇಲ್ಲ. ಇವರು ದಾರಿಯಲ್ಲಿ ಕಂಡು, ಗಾಡಿಗೆ ಕಟ್ಟಬೇಡಿ ಅಂತ ಕೈ ಮುಗಿದು, ಆವತ್ತಿಂದ ಬಂದು ಮದ್ದು ಮಾಡ್ತಾರೆ."

ಶುಕೂರನ ಸ್ವರ ಕೇಳಿದ್ದೇ ಕುದುರೆ ಕಿವಿ ನಿಮಿರಿಸಿತ್ತು. ಕುಂಟಿಕೊಂಡು ಅವನ ಕಡೆ ತಿರುಗಿ, ಗುರುತು ಹಿಡಿದು, ಮೆಲ್ಲಗೆ ಕೆನೆಯಿತು.

ಕದೀಜಮ್ಮ ತಲೆ ಎತ್ತಲಿಲ್ಲ. ಬಿಸಿ ಸೊಪ್ಪು ಒತ್ತುತ್ತಲೇ ಕೇಳಿದಳು:

"ಸಂಪಾಜೆಯಲ್ಲಿ ಗುಲಾಬಿ ಹೇಗುಂಟು?"