ಗಟ್ಟಿಮೇಳಕ್ಕೆ ಕಾದ ತಾಳಿ

"ಗಟ್ಟಿಮೇಳ!" ಎಂದು ಪುರೋಹಿತರು ಕೈ ಎತ್ತಿದ್ದೇ ತಡ, ಯಲಹಂಕದ ಆ ಮದುವೆ ಚಪ್ಪರದ ಕಂಬಕ್ಕೆ ಕಟ್ಟಿದ್ದ ಮೈಕು ಗೊರಗೊರ ಎನ್ನುತ್ತ ವಾಲಗದ ರೆಕಾರ್ಡು ಹಾಡತೊಡಗಿತು. ಮದುಮಗಳ ತಾಯಿ ವೆಂಕಟಲಕ್ಷ್ಮಮ್ಮ ಕೈಯಲ್ಲಿದ್ದ ಅಕ್ಷತೆಯನ್ನು ಸೆರಗಿಗೆ ಸುರಿದುಕೊಂಡು ನೆಟ್ಟಗೆ ನಡೆದು ಹೋಗಿ ಮೈಕಿನ ವೈರನ್ನು ಕಿತ್ತೇಬಿಟ್ಟಳು. ತಾಳಿ ಹಿಡಿದ ಮದುಮಗನ ಕೈ ಹಾಗೇ ನಿಂತಿತು.

"ಏನಮ್ಮ ಬೀಗ್ತಿ ಇದು?" ಗಂಡಿನ ಸೋದರಮಾವ ಗದರಿದ. "ದಾಸರಳ್ಳಿಯಿಂದ ಸೆಟ್ ತರ್ಸಿರೋನು ನಾನು. ಮೂಲೇಲಿ ಕೂತಿರೋ ಆ ವಾಲಗದ ಮುದುಕನ್ಗೆ ಊದಾಕೆ ಉಸ್ರೆಲ್ಲೈತೆ?"

"ನನ್ ಮದ್ವೇಲಿ ಗಂಡಿನೋರು ಮುನಿಸ್ಕೊಂಡು ಎದ್ದೋಗಿದ್ರು," ಎಂದಳು ವೆಂಕಟಲಕ್ಷ್ಮಮ್ಮ. " ವಾಲಗ ನಿಂತ್ರೆ ಮದ್ವೆ ಮುರೀತು ಅಂತಾರೆ ಜನ. ಅವ್ರು ವಾಪಸ್ ಬರೋಗಂಟ ಈ ಪಿಳ್ಳಪ್ಪಣ್ಣ ಊದೋದು ನಿಲ್ಲಿಸ್ಲಿಲ್ಲ. ತುಟೀಲಿ ರಕ್ತ ಬಂದಿತ್ತು. ನನ್ ಕೊರಳಿಗೆ ತಾಳಿ ಬಿದ್ದಿದ್ದು ಅದ್ರಿಂದ."

ಮೂಲೆಯಲ್ಲಿ ನಾಗಸ್ವರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಪಿಳ್ಳಪ್ಪ ತಲೆ ಅಲ್ಲಾಡಿಸಿದ. "ಬ್ಯಾಡ ಕಣವ್ವ, ದಮ್ಮು ಸಾಲಾಕಿಲ್ಲ. ಲಗ್ನ ಮೀರ್ತೈತೆ."

"ಬರೋವಷ್ಟು ಊದಣ್ಣ," ಎಂದವಳು ಬೀಗರತ್ತ ತಿರುಗಿದಳು. "ಲಗ್ನ ಇವತ್ತು ನಮ್ಮಣ್ಣನಿಗೆ ಕಾಯ್ಲಿ."

ಪಿಳ್ಳಪ್ಪ ನಾಗಸ್ವರದ ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿಕೊಳ್ಳುವವರೆಗೂ ಇಡೀ ಚಪ್ಪರ ಅಕ್ಷತೆ ಹಿಡಿದು ನಿಂತೇ ಇತ್ತು. ಮೊದಲ ಸ್ವರ ಒಡೆಯಿತು, ಯಾರೋ ನಕ್ಕರು. ಎರಡನೆಯದು ನಡುಗುತ್ತಲೇ ಮೇಲೇರಿತು. ವೆಂಕಟಲಕ್ಷ್ಮಮ್ಮ ಸೆರಗಿನಿಂದ ಅಕ್ಷತೆ ತೆಗೆದು ಮೊದಲ ಹಿಡಿಯನ್ನು ಪಿಳ್ಳಪ್ಪನ ತಲೆಯ ಮೇಲೆ ಹಾಕಿ, ಮದುಮಗನತ್ತ ನೋಡಿದಳು.

"ಈಗ ಕಟ್ಟಪ್ಪ."